ಖಾಲಿ ಬಂದ ಡಬ್ಬ

ಕಳೆದ ತಿಂಗಳು ನೆರೆಮನೆಯ ಸಿಸಿಲಿಯಾ ಬಾಯಿಗೆ ಒಂದು ಡಬ್ಬ ಕೆಸುವಿನ ಎಲೆಯ ಪತ್ರೊಡೆ ಕೊಟ್ಟಿದ್ದೆ. ಡಬ್ಬ ಸಂಜೆಗೇ ವಾಪಸು ಬಂತು. ಖಾಲಿ!

ಇದರಲ್ಲಿ ನಿಮಗೆ ಎಂತದ್ದೂ ಕಾಣದಿದ್ದರೆ ನೀವು ಖಂಡಿತ ಗಂಡಸರು. ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸುವ ಕ್ರಮ ಇಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಲಿಂಬೆ, ನಾಲ್ಕು ಬಸಳೆ ಎಲೆ, ಅದೂ ಇಲ್ಲವೆಂದರೆ ಒಂದು ಚಮಚ ಸಕ್ಕರೆ. ಅಲೆವೂರಿನ ಈ ಬಾಡಿಗೆ ಮನೆಗೆ ಬಂದಂದಿನಿಂದ ನಮ್ಮಿಬ್ಬರ ನಡುವೆ ಡಬ್ಬಗಳು ಹೀಗೆ ಓಡಾಡುತ್ತಿದ್ದವು. ಅವರ ಸಾನ್ನ (ಇಡ್ಲಿಯ ಮೆತ್ತಗಿನ ತಂಗಿ ಎಂದುಕೊಳ್ಳಿ) ಇತ್ತ ಬಂದರೆ ನನ್ನ ಹಲಸಿನ ಹಪ್ಪಳ ಅತ್ತ.

ಖಾಲಿ ಡಬ್ಬ ನೋಡಿ ನನಗೆ ಮೈ ಉರಿಯಿತು. ಪತ್ರೊಡೆ ಬಾಯಿ ತುರಿಸಿತೇ? ನಾನೇನಾದರೂ ತಪ್ಪು ಮಾತಾಡಿದೆನೇ? ಹೋಗಿ ಕೇಳಬಹುದಿತ್ತು. ಕೇಳಿದರೆ ಬಿಗುಮಾನದ ಗತಿ? ನಾನೂ ಏನೂ ಕಳಿಸಲಿಲ್ಲ, ಅವರೂ ಕಳಿಸಲಿಲ್ಲ. ಕಂಪೌಂಡಿನ ಬಳಿ ಅರ್ಧ ಗಂಟೆ ನಿಲ್ಲುತ್ತಿದ್ದವರು ಈಗ "ಊಟ ಆಯ್ತಾ?" ಎಂದು ಕೇಳಿ ಒಳಗೆ ಹೋಗತೊಡಗಿದೆವು. ನಿಜ ಹೇಳುತ್ತೇನೆ, ತುಂಬ ಬೇಸರವಾಗುತ್ತಿತ್ತು. ಈ ಊರಿನಲ್ಲಿ ನನಗಿದ್ದ ಗೆಳತಿ ಅವರೊಬ್ಬರೇ.

ಒಂದು ಭಾನುವಾರ ಅಣ್ಣನ ಮಗಳು ಸ್ವಾತಿ ಮಣಿಪಾಲದಿಂದ ಊಟಕ್ಕೆ ಬಂದಳು. ಸೈಕಾಲಜಿ ಓದುವವಳು. ಕ್ಲಾಸಿನಲ್ಲಿ ಆಡಿಸಿದ ಆಟವೊಂದರ ಬಗ್ಗೆ ಹೇಳಿದಳು. ಇಬ್ಬರು ಮತ್ತೆ ಮತ್ತೆ ಆಡಬೇಕು. ಪ್ರತಿ ಸಲ ಎದುರಿನವರಿಗೆ ಕೊಡಬಹುದು, ಕೊಡದೆಯೂ ಇರಬಹುದು. ಕೊಡದೆ ಬರೀ ಪಡೆದವರಿಗೆ ಆ ಸಲಕ್ಕೆ ಲಾಭ. ಆದರೆ ನಾಳೆಯೂ ಇದೇ ಮುಖ ನೋಡಬೇಕು ಎಂದಿದ್ದರೆ ಜನ ಮೆಲ್ಲಗೆ ಕೊಡಲು ಕಲಿಯುತ್ತಾರಂತೆ. ಇದೇ ಕೊನೆಯ ಆಟ ಎಂದು ಗೊತ್ತಾದರೆ ಕೈ ಮುಚ್ಚುತ್ತಾರಂತೆ. ಇನ್ನು ಒಬ್ಬರು ಕೈತಪ್ಪಿ ಒಮ್ಮೆ ಕೊಡದಿದ್ದರೂ ಸಾಕು, ಮುಯ್ಯಿಗೆ ಮುಯ್ಯಿ ಶುರು. ಯಾರಾದರೊಬ್ಬರು ಸೋತು ಮತ್ತೆ ಕೊಡುವವರೆಗೆ ನಿಲ್ಲುವುದಿಲ್ಲ.

(ಇದನ್ನು ಕಲಿಯಲು ಕಾಲೇಜು ಬೇಕಾ? ನಮ್ಮ ಅಡುಗೆಮನೆ ಸಾಲದಾ?)

ನಾನು ಡಬ್ಬದ ಕತೆ ಹೇಳಿದೆ. ಮೊದಲು ಖಾಲಿ ಕೊಟ್ಟದ್ದು ಯಾರು ಎಂದು ಸ್ವಾತಿ ಕೇಳಿದಳು. ಅವರೇ, ಇನ್ಯಾರು ಎಂದೆ.

ಸಾರು ಕಲಸುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. "ಅವರ ನೀಲಿ ಮುಚ್ಚಳದ ಡಬ್ಬ ಇಲ್ಲಿ ಇತ್ತಲ್ಲ? ಪತ್ರೊಡೆಯ ಹಿಂದಿನ ದಿನ ನಾನೇ ಕೊಟ್ಟು ಬಂದೆ. ಚೆಂದ ಮಾಡಿ ತೊಳೆದೇ ಕೊಟ್ಟದ್ದು," ಎಂದರು. ಹೆಮ್ಮೆ ಬೇರೆ! ಮದುವೆಯಾದ ಮೇಲೆ ಈ ಮನುಷ್ಯ ತೊಳೆದ ಮೊದಲ ಪಾತ್ರೆ ಅದು.

ಸಂಜೆ ಗೋಳಿಬಜೆ ಕರಿದು ಡಬ್ಬಕ್ಕೆ ತುಂಬಿಸಿ ಹೋದೆ. ಸಿಸಿಲಿಯಾ ಬಾಯಿ ಕೈ ಚಾಚಲಿಲ್ಲ. "ಯಾವಾಗ ಹೋಗುವುದು ನೀವು?" ಎಂದು ಕೇಳಿದರು.

ಎಲ್ಲಿಗೆ ಎಂದೆ.

"ಕಾರ್ಕಳದಲ್ಲಿ ಮನೆ ನೋಡಲಿಕ್ಕೆ ಹೋಗಿದ್ದಿರಲ್ಲ. ಮತ್ತೆ ನಿಮ್ಮವರು ನನ್ನ ಡಬ್ಬ ಖಾಲಿ ತಂದು ಕೊಟ್ಟರು. ಹೊರಟಿದ್ದಾರೆ ಅಂತ ಗ್ರಹಿಸಿದೆ. ಸಾಮಾನು ಕಟ್ಟುವಾಗ ನಿಮಗೆ ಡಬ್ಬ ಹುಡುಕುವ ರಗಳೆ ಬೇಡ ಅಂತ ನಿಮ್ಮದನ್ನೂ ಆಗಲೇ ಕೊಟ್ಟೆ. ನನಗೆ ಒಂದು ಮಾತು ಹೇಳಲಿಲ್ಲ ಅಲ್ವಾ, ಅದೇ ಬೇಜಾರು ಮಾರಾಯ್ತಿ."

ಕಾರ್ಕಳದ ಮನೆ ನಮಗೆ ಒಪ್ಪಿಗೆಯಾಗಿರಲಿಲ್ಲ. ನೋಡಿದ್ದನ್ನು ಹೇಳಿದ್ದೆ, ಬಿಟ್ಟದ್ದನ್ನು ಹೇಳಿರಲಿಲ್ಲ. ನಾನು ಸೇಡು ಎಂದುಕೊಂಡದ್ದು ಅವರ ಉಪಕಾರವಾಗಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಎಲ್ಲಿಗೂ ಹೋಗುವುದಿಲ್ಲ ಎಂದೆ. ಆಮೇಲಷ್ಟೇ ಅವರು ಗೋಳಿಬಜೆ ತೆಗೆದುಕೊಂಡರು.

ಮರುದಿನ ನೀಲಿ ಮುಚ್ಚಳದ ಡಬ್ಬದಲ್ಲಿ ಸಾನ್ನ ಬಂತು. ಆ ಡಬ್ಬ ಯಜಮಾನರ ಕೈಗೆ ಸಿಗದ ಹಾಗೆ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ.

ಈಗ ನೀವು ಹೇಳಿ, ನಿಮ್ಮ ಅಡುಗೆಮನೆಯಲ್ಲಿ ನೆರೆಮನೆಯ ಪಾತ್ರೆ ಒಂದಾದರೂ ಉಂಟಾ?