ಒಂದೇ ಸರ್ವರ್, ಎರಡು ಪಿಎಚ್‌ಪಿ

ಗೆಳೆಯರೇ, ಇಂದು ಬೆಳಿಗ್ಗೆ ಜತ್ತದ ನಮ್ಮ ಕಾಲೇಜಿನಲ್ಲಿ ಒಂದು ಕೊಲೆಯಾಯಿತು. ಮಾಡಿದವನು ನಾನೇ. ಸತ್ತದ್ದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ.

ಹೊಸ ವೆಬ್‌ಸೈಟಿಗೆ ಹೊಸ ಆವೃತ್ತಿ ಬೇಕು, ದಾಖಲಾ, ಅಂದರೆ ವಿದ್ಯಾರ್ಥಿಗಳ ಪ್ರಮಾಣಪತ್ರ, ಮುದ್ರಿಸುವ ಪ್ರೋಗ್ರಾಮಿಗೆ ಹಳೆಯದೇ ಬೇಕು. "ಎರಡೂ ಒಂದ ಸರ್ವರ್‌ನ್ಯಾಗ ಓಡಸ್ತೀನ್ರಿ, ಒಂದ ಮನ್ಯಾಗ ಎರಡು ಒಲಿ ಇದ್ದಂಗ" ಎಂದು ನಿನ್ನೆ ಎಲ್ಲರೆದುರು ಜಂಬ ಕೊಚ್ಚಿದ್ದೆ. ಇಂದು ಹೊಸದನ್ನು ಕೂರಿಸುವ ಭರದಲ್ಲಿ ಹಳೆಯದನ್ನು ಅಳಿಸಿಬಿಟ್ಟೆ. ಸರ್ವರ್ ಹೋಗಿ ಸರ್ವನಾಶವಾಯಿತು.

ಅಷ್ಟರಲ್ಲಿ ಉಟಗಿಯ ಹುಡುಗಿಯೊಬ್ಬಳು ಬಂದಳು. ನರ್ಸಿಂಗ್ ಪ್ರವೇಶಕ್ಕೆ ಇಂದೇ ಕೊನೆಯ ದಿನ.

"ಸರ್, ಲಗೂನ ದಾಖಲಾ ಕೊಡ್ರಿ. ಸಾಂಗ್ಲಿ ಎಸ್‌ಟಿ ಬಸ್ ತಪ್ಪಿದ್ರ ನನ್ನ ಅಡ್ಮಿಶನ್ ಹೋತ್ರಿ."

ನನ್ನ ಪರದೆ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಕ್ಲಾರ್ಕ್ ಮಹಾದೇವಿಬಾಯಿ ಇಣುಕಿದರು.

"ಏನ್ರಿ ಸರ್, ಹಳೀ ಒಲಿ ಒಡದ ಬಿಟ್ರೇನು?"

ಅವರು ತಮ್ಮ ಮೇಜಿನ ಕೆಳಗಿನ ಬಟ್ಟೆ ಸರಿಸಿ, ಹೋದ ತಿಂಗಳು ನಾನೇ 'ಗುಜರಿ' ಎಂದು ಚೀಟಿ ಅಂಟಿಸಿದ್ದ ಹಳೆಯ ಕಂಪ್ಯೂಟರನ್ನು ಚಾಲೂ ಮಾಡಿದರು. ದಾಖಲಾ ಹೊರಬಂತು. ಹುಡುಗಿ ಬಸ್ ಸ್ಟ್ಯಾಂಡಿಗೆ ಓಡಿದಳು.

ಹಳೆಯ ಪಿಎಚ್‌ಪಿ ಈಗ ಮಹಾದೇವಿಬಾಯಿಯವರ ಕಾಲ ಬಳಿ ನೆಮ್ಮದಿಯಾಗಿ ಓಡುತ್ತಿದೆ. ನನ್ನ ಸರ್ವರ್‌ನಲ್ಲಿ ಹೊಸದೊಂದೇ ಉಳಿದಿದೆ.

ನಿಜ ಹೇಳಬೇಕೆಂದರೆ, ಅದೂ ಓಡುತ್ತಿಲ್ಲ.