ಹತ್ತು ನಿಮಿಷದಲ್ಲಿ ಸಿಕ್ಕಿದ ಸರ

ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಯಲ್ಲಿ ಮೂವತ್ತು ವರ್ಷ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಟ್ರಿಪ್ ಮುಗಿದ ಮೇಲೆ ಸೀಟುಗಳ ಅಡಿ ಬಗ್ಗಿ ನೋಡುವುದು ನನ್ನ ಅಭ್ಯಾಸ. ಕಿವಿಯೋಲೆ, ಬೀಗದ ಕೈ, ಒಮ್ಮೆ ಹುಂಚದಲ್ಲಿ ಹತ್ತಿದವರೊಬ್ಬರ ಹಲ್ಲಿನ ಸೆಟ್ಟು ಕೂಡ ಸಿಕ್ಕಿತ್ತು. ಕಳೆದದ್ದನ್ನು ವಾಪಸ್ ಕೊಟ್ಟಾಗ ಎದುರಿನ ಮುಖ ಅರಳುವುದನ್ನು ನೋಡುವ ಸುಖ, ಕೆಲಸ ಬಿಟ್ಟ ಮೇಲೆ ಇಲ್ಲವಾಯಿತು.

ಅದಕ್ಕೇ ಮೆಟಲ್ ಡಿಟೆಕ್ಟರ್ ತರಿಸಿದೆ. ಉದ್ದನೆಯ ಕೋಲಿನ ತುದಿಗೆ ಊಟದ ತಟ್ಟೆಯಂಥ ಚಕ್ರ; ನೆಲದಡಿ ಲೋಹವಿದ್ದರೆ ಕುಂಯ್ ಎನ್ನುತ್ತದೆ. ಬೆಲೆ ಹದಿನೆಂಟು ಸಾವಿರ. ಹೆಂಡತಿಗೆ ಆರು ಸಾವಿರ ಎಂದೆ. ಇದನ್ನು ಓದಿದ ದಿನ ಅವಳಿಗೆ ನಿಜ ಗೊತ್ತಾಗುತ್ತದೆ, ಗೊತ್ತಾಗಲಿ. ನಾನು ಒಪ್ಪಿಕೊಳ್ಳಬೇಕಾದದ್ದು ಅದಕ್ಕಿಂತ ದೊಡ್ಡದಿದೆ.

ಮೊದಲ ಆರು ತಿಂಗಳು ಸಿಕ್ಕಿದ್ದು ಸೋಡಾ ಮುಚ್ಚಳ, ತುಕ್ಕು ಮೊಳೆ, ಸವೆದ ಎತ್ತಿನ ಲಾಳ. ನಮ್ಮ ಕೆಂಪು ಕಲ್ಲಿನ ನೆಲದಲ್ಲೇ ಕಬ್ಬಿಣದ ಅಂಶ ಇರುವುದರಿಂದ, ಏನೂ ಇಲ್ಲದ ಕಡೆಯೂ ಯಂತ್ರ ಅರಚುತ್ತಿತ್ತು. ಹಳೆಯ ಗುಡಿ, ಕೋಟೆಗಳ ಹತ್ತಿರ ಅದನ್ನು ಒಯ್ಯಲಿಲ್ಲ; ಅಲ್ಲಿ ಅಗೆದರೆ ಕೇಸಾಗುತ್ತದೆ ಎಂದು ತಿಳಿದಿತ್ತು. ಆದರೂ ಪಕ್ಕದ ಮನೆಯ ಯಜಮಾನ ದಿನವೂ ಬೇಲಿಯಾಚೆಯಿಂದ ಕೇಳುತ್ತಿದ್ದ.

"ಎಂತ ಮಾರಾಯ್ರೇ, ನಿಧಿ ಸಿಕ್ತಾ?"

"ಸಿಕ್ತು. ನಿಮ್ಮನೆ ಸೋಡಾ ಮುಚ್ಚಳ ಹನ್ನೆರಡು."

"ಹದಿಮೂರಿರ್ಬೇಕು. ಇನ್ನೊಂದ್ಸಲ ಕೋಲಾಡ್ಸಿ."

ಒಳಗಿನಿಂದ ನನ್ನ ಹೆಂಡತಿ ಸೇರಿಸುತ್ತಿದ್ದಳು: "ಆರು ಸಾವ್ರಕ್ಕೆ ಗುಜರಿ ಹೆಕ್ಕೋ ಕೋಲು ತಂದಾರೆ ನಮ್ಮನೆಯವ್ರು!"

ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ ಭೂಮಿ ಹುಣ್ಣಿಮೆ ಬಂತು. ಭತ್ತ ಹೊಡೆ ತುಂಬಿ, ತೆನೆ ಇನ್ನೂ ಒಳಗೇ ಇರುವ ಗದ್ದೆಗೆ ಬಸುರಿಗೆ ಮಾಡಿದಂತೆ ಸೀಮಂತ ಮಾಡುವ ಹಬ್ಬ ಅದು. ಸೊಪ್ಪು ಬೆರೆಸಿದ ಅನ್ನವನ್ನು ಗದ್ದೆಗೆಲ್ಲ ಬೀರಿ, ಕಡುಬು ಎಡೆ ಇಡುತ್ತೇವೆ. ಕೆಲವು ಮನೆಗಳಲ್ಲಿ ಹೆಂಗಸರು ತಮ್ಮ ಒಡವೆಯನ್ನು ಭತ್ತದ ಪೈರಿಗೇ ತೊಡಿಸುತ್ತಾರೆ. ಅಂದು ಯಾರೂ ಮಣ್ಣು ಅಗೆಯುವುದಿಲ್ಲ. ಬಸುರಿಯ ಮೈಗೆ ಗುದ್ದಲಿ ತಾಗಬಾರದು.

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಸೊಸೆ ಅತ್ತೆಯ ಚಿನ್ನದ ಗುಂಡಿನ ಸರವನ್ನು ಪೈರಿಗೆ ತೊಡಿಸಿದ್ದಳು. ಪೂಜೆ ಮುಗಿದು ಬದುವಿನ ಮೇಲೆ ಕುಳಿತು ಎಲ್ಲರೂ ಕಡುಬು ತಿಂದರು. ಸರ ತೆಗೆದುಕೊಂಡಿದ್ದು ಅತ್ತೆ ಎಂದು ಸೊಸೆ, ಸೊಸೆ ಎಂದು ಅತ್ತೆ ಅಂದುಕೊಂಡಿದ್ದರು. ಮನೆಗೆ ಹೋಗಿ ನೆನಪಾಗಿ ಓಡಿ ಬಂದರೆ ಪೈರು ಬರಿದಾಗಿತ್ತು. ನಾಲ್ಕು ಜನ ಹುಡುಕುತ್ತಾ ಕೆಸರನ್ನು ಇನ್ನಷ್ಟು ತುಳಿದರು. ಸರ ಸಿಗುವ ತನಕ ಊಟ ಮಾಡುವುದಿಲ್ಲ ಎಂದು ಆ ಹುಡುಗಿ ಬದುವಿನ ಮೇಲೆ ಕುಳಿತುಬಿಟ್ಟಳು.

ಯಜಮಾನ ನನ್ನ ಅಂಗಳಕ್ಕೆ ಬಂದ. ಆವತ್ತು ತಮಾಷೆ ಇರಲಿಲ್ಲ. "ನಿಮ್ಮ ಮಿಷನ್ ತಗೊಂಡು ಸ್ವಲ್ಪ ಬರ್ತೀರಾ?"

ಹೋದೆ. ಗದ್ದೆಯ ಕಪ್ಪು ಮಣ್ಣಿನಲ್ಲಿ ಯಂತ್ರ ಸುಮ್ಮನಿತ್ತು. ಹತ್ತೇ ನಿಮಿಷ. ಕುಂಯ್ ಎಂದಿತು. ಬಗ್ಗಿ ಕೆಸರಿಗೆ ಬೆರಳಿಟ್ಟರೆ ಸಾಲಾಗಿ ಗುಂಡುಗಳು ತಾಗಿದವು.

ತಲೆ ಎತ್ತಿ ನೋಡಿದೆ. ಊರೇ ಬದುವಿನ ಮೇಲೆ ನಿಂತಿತ್ತು. ಇಷ್ಟು ಬೇಗ ಎತ್ತಿಕೊಟ್ಟರೆ, ಅಲ್ಲೇ ಇತ್ತಲ್ಲ, ನಮಗೂ ಸಿಗುತ್ತಿತ್ತು ಎಂದಾರು. ನನ್ನ ಹದಿನೆಂಟು ಸಾವಿರಕ್ಕೆ ಮತ್ತೆ ಸೋಡಾ ಮುಚ್ಚಳದ ಬೆಲೆಯೇ. ಹಿಮ್ಮಡಿಯಿಂದ ಸರವನ್ನು ಒಳಕ್ಕೆ ಒತ್ತಿದೆ. ಮುಂದಕ್ಕೆ ನಡೆದೆ.

ಸಂಜೆಯ ತನಕ ಗಂಭೀರವಾಗಿ ಕೋಲಾಡಿಸಿದೆ. "ಆಳದಲ್ಲಿದೆ. ಅಗೀಬೇಕು. ಇವತ್ತು ಅಗೆಯೋ ಹಾಗಿಲ್ವಲ್ಲ" ಎಂದೆ. ಯಾರು ಎದುರಾಡುತ್ತಾರೆ? ನನ್ನ ಸುಳ್ಳಿಗೆ ಭೂಮಿತಾಯಿಯನ್ನೇ ಅಡ್ಡ ಹಿಡಿದಿದ್ದೆ. ಮನೆಗೆ ಹೋಗಿ ಆರು ಕಡುಬು ತಿಂದೆ.

ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಮೂರು ಕಡೆ ಸುಳ್ಳು ಗುಂಡಿ ತೋಡಿ, ನಾಲ್ಕನೆಯದರಲ್ಲಿ ಸರ ಎತ್ತಿದೆ. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ಯಜಮಾನ ನನ್ನ ಕೈ ಹಿಡಿದುಕೊಂಡ. ಅಂದಿನಿಂದ ನಾನು ದೊಡ್ಡ ಮನುಷ್ಯ. ಮೇಳಿಗೆಯಿಂದ, ಜೋಗದಿಂದ ಫೋನ್ ಬರತೊಡಗಿತು: ತೋಟದಲ್ಲಿ ಉಂಗುರ ಬಿದ್ದಿದೆ, ಗೊಬ್ಬರದ ಗುಂಡಿಗೆ ಓಲೆ ಹೋಗಿದೆ. ಹೋದೆ, ಕೆಲವು ಸಿಕ್ಕವು, ಅವುಗಳಲ್ಲಿ ಯಾವ ಮೋಸವೂ ಇಲ್ಲ.

ಈ ವರ್ಷ ಹಬ್ಬಕ್ಕೆ ವಾರವಿರುವಾಗ ಆ ಸೊಸೆ ಮಗುವನ್ನೆತ್ತಿಕೊಂಡು ಕರೆಯಲು ಬಂದಳು.

"ಅಜ್ಜ, ಈ ಸಲ ನಮ್ಮ ಗದ್ದೆಗೆ ಬರ್ಲೇಬೇಕು. ಆವತ್ತು ನೀವಿಲ್ದಿದ್ರೆ ನಾನು ತವರಿಗೇ ಹೋಗ್ಬಿಡ್ತಿದ್ದೆ. ಅತ್ತೆ ಒಂದು ಮಾತೂ ಬೈಲಿಲ್ಲ. ಅದೇ ಜಾಸ್ತಿ ಸಂಕಟ ಆಗಿದ್ದು. ಮಾರನೇ ದಿನದ ತನಕ ನೀರು ಬಿಟ್ಟು ಎಂತದೂ ಮುಟ್ಲಿಲ್ಲ" ಎನ್ನುತ್ತ ಕಾಲು ಮುಟ್ಟಲು ಬಗ್ಗಿದಳು.

ಕಾಲು ಹಿಂದಕ್ಕೆ ಎಳೆದುಕೊಂಡೆ. ಸರದ ವಿಷಯವನ್ನೆಲ್ಲ ಹೇಳಿಬಿಟ್ಟೆ. ಚಹಾ ತರುತ್ತಿದ್ದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಹತ್ತೇ ನಿಮಿಷಕ್ಕಾ?" ಹುಡುಗಿಯ ಮುಖ ಕೆಂಪಾಗಿತ್ತು.

"ಹೌದು."

"ಮತ್ತೆ ಆ ಮೂರು ಗುಂಡಿ?"

"ಸುಮ್ನೆ ತೋಡಿದ್ದು."

"ಸುಮ್ನೆಯಾ? ಎಷ್ಟು ಪೈರು ಹೋಯ್ತು ಗೊತ್ತುಂಟಾ?" ಎಂದವಳು ತಡೆಯಲಾಗದೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನಾನು ಹಸಿದಷ್ಟೇ ಹೊತ್ತು ನೀವೂ ಹಸೀಬೇಕು, ಅಜ್ಜ. ಹಬ್ಬದ ದಿನಾನೇ. ಬಡಿಸೋದು ನೀವು, ತಿನ್ನೋದು ನಾವು."

ಹಾಗೆಯೇ ಆಯಿತು. ಬದುವಿನ ಮೇಲೆ ಎಲ್ಲರೆದುರು ತಪ್ಪು ಒಪ್ಪಿಕೊಂಡು ಕಡುಬು ಬಡಿಸಿದೆ. ಯಜಮಾನ ಎಲೆ ಮುಂದೆ ತಳ್ಳಿ, "ಇನ್ನೊಂದು ಹಾಕಿ. ಆಳದಿಂದ ತೆಗ್ದು ಹಾಕಿ" ಎಂದ. ಅವನ ಹೆಂಡತಿಗೆ ಕನಿಕರ ಬಂತು. "ಪಾಪ, ವಯಸ್ಸಾದವ್ರು, ಒಂದು ತಿನ್ಲಿ ಬಿಡೇ" ಎಂದಳು.

"ಇಲ್ಲ ಅತ್ತೆ. ನಾಳೆ ಬೆಳಿಗ್ಗೆ."

ಮರುದಿನ ಬೆಳಿಗ್ಗೆ ಆ ಹುಡುಗಿಯೇ ಬಾಳೆ ಎಲೆಯಲ್ಲಿ ಸುತ್ತಿದ ಎರಡು ಕಡುಬು ತಂದು ಕೈಗೆ ಕೊಟ್ಟು, ತಿನ್ನುವ ತನಕ ಎದುರಿಗೇ ನಿಂತಳು. ಕಡುಬು ತಣ್ಣಗಿತ್ತು, ಸ್ವಲ್ಪ ಗಟ್ಟಿಯಾಗಿತ್ತು. ಎರಡನ್ನೂ ತಿಂದೆ.