ಓಟ ಸಾಲದು ಎಂದವನು ನಾನೇ

ಸುಮಿತ್ರಾ ಮೇಡಂ, ಟಿ. ನರಸೀಪುರದ ನೃತ್ಯಸ್ಪರ್ಧೆಯಲ್ಲಿ ನಿಮ್ಮ ಶಿಷ್ಯೆ ಪವಿತ್ರಾಳನ್ನು ಬೇಕೆಂದೇ ಸೋಲಿಸಿದವನು ನಾನು. ಇಷ್ಟು ವರ್ಷ ಆ ತಪ್ಪನ್ನು ಇನ್ನೊಬ್ಬ ತೀರ್ಪುಗಾರರ ತಲೆಗೆ ಕಟ್ಟಿದ್ದೆ. ನೀವು ಅವರನ್ನು ಬೈಯುವಾಗಲೆಲ್ಲ ನಾನೂ ದನಿಗೂಡಿಸಿದ್ದೇನೆ — ನಿಮಗಿಂತ ಒಂದು ಮಾತು ಜಾಸ್ತಿಯೇ ಬೈದಿದ್ದೇನೆ.

ಆಗ ನಂಜನಗೂಡಿನ ಶಾಲೆಯಲ್ಲಿ ನೀವು ಮಕ್ಕಳಿಗೆ ನೃತ್ಯವನ್ನೂ ಕಲಿಸುತ್ತಿದ್ದ ಕನ್ನಡ ಟೀಚರು, ನಾನು ಪಿ.ಟಿ. ಮೇಷ್ಟ್ರು. ಕ್ರೀಡಾಕೂಟಕ್ಕೆ ನೃತ್ಯವನ್ನೂ ಸೇರಿಸಿದ್ದಾರೆಂದು ತಿಳಿದಾಗ ಸ್ಟಾಫ್ ರೂಮಿನಲ್ಲಿ ಕೂಗಾಡಿದವನು ನಾನು. "ಡ್ಯಾನ್ಸು ಎಲ್ಲಾದ್ರೂ ಆಟ ಆಯ್ತದಾ ಮೇಡಂ? ಗೋಲ್ ಎಲ್ಲಿ, ಗೆರೆ ಎಲ್ಲಿ, ಔಟ್ ಆಗೋರ್ಯಾರು?"

ನೀವು ತಲೆ ಎತ್ತದೆ ಹೇಳಿದಿರಿ: "ಮಂಡಿ ಬಗ್ಗಿಸಿ ಅರ್ಧ ಕೂತಂಗೆ ಸ್ವಲ್ಪ ಹೊತ್ತು ನಿಂತ್ ನೋಡಿ ಸಾರ್, ಆಮೇಲೆ ಮಾತಾಡಣ."

ಯಾರೂ ಇಲ್ಲದಾಗ ನಿಂತು ನೋಡಿದೆ. ನೆಟ್ಟಗಾದದ್ದು ಗೋಡೆ ಹಿಡಿದು. ಅದನ್ನೂ ನಿಮಗೆ ಹೇಳಿರಲಿಲ್ಲ.

ಸ್ಪರ್ಧೆಯ ದಿನ ತೀರ್ಪುಗಾರರೊಬ್ಬರು ಬರಲಿಲ್ಲ. ನಮ್ಮ ಶಾಲೆಯ ಹುಡುಗಿಯೇ ಕುಣಿಯುವಾಗ ನಾನು ಆ ಕುರ್ಚಿಯಲ್ಲಿ ಕೂರಬಾರದಿತ್ತು. "ನಮ್ ಸಾರ್ ಕೂರ್ಲಿ ಬಿಡಿ, ಮುಲಾಜಿಲ್ಲದ ಮನುಷ್ಯ" ಎಂದವರು ನೀವು. ಆ ನಂಬಿಕೆಗೆ ನಾನು —

ಪವಿತ್ರಾಳದ್ದು ಉಣ್ಣಲೊಲ್ಲದ ಮಗುವಿಗೆ ತಾಯಿ ತುತ್ತು ತಿನ್ನಿಸುವ ನೃತ್ಯ. ಚಂದ್ರನನ್ನು ತೋರಿಸಿದಳು, ಗದರಿದಳು, ಕೊನೆಗೆ ಬರಿಗೈಯಲ್ಲಿ ತುತ್ತು ಹಿಡಿದು ಕದಲದೆ ನಿಂತುಬಿಟ್ಟಳು. ನಮ್ಮೂರು ಕಳಲೆಯಲ್ಲಿ, ಮನೆಯ ಜಗಲಿಯ ಮೇಲೆ ನನ್ನವ್ವ ಹಾಗೆಯೇ ನಿಲ್ಲುತ್ತಿದ್ದಳು. ಏನಾಯಿತೋ — ನಾನು ಬಾಯಿ ತೆರೆದೆ. ಕೊರಳಲ್ಲಿ ಸೀಟಿ, ಮುಖದ ತುಂಬ ಮೀಸೆ, ಕಣ್ಣಲ್ಲಿ ನೀರು. ತೀರ್ಪುಗಾರ ಮಹಾಶಯ 'ಆ' ಎಂದು ಬಾಯಿ ಬಿಟ್ಟು ಕೂತಿದ್ದಾನೆ!

ಪಕ್ಕದಲ್ಲಿದ್ದ ತೀರ್ಪುಗಾರರು, ಆ ಊರಿನ ಕಬಡ್ಡಿ ಕೋಚ್, ನನ್ನ ಕಡೆ ಬಾಗಿದರು: "ಯಾಕ್ ಸಾ, ಅಸಿವಾಯ್ತಾ? ಬಜ್ಜಿ ತರ್ಸನಾ?"

ಮುಂದಿನ ಸಾಲಿನ ಮಕ್ಕಳು ಕಿಸಕ್ಕೆಂದರು. ನನ್ನ ಮಾನವೆಲ್ಲ ಅಲ್ಲೇ ಹೋಯಿತು. ಸಿಟ್ಟು ತಿರುಗಿದ್ದು ಮಾತ್ರ ಆ ಹುಡುಗಿಯ ಮೇಲೆ. ಕೋಚ್ ಅವಳಿಗೆ ಕೈತುಂಬ ಅಂಕ ಕೊಟ್ಟಿದ್ದರು. ನಾನು ಎಲ್ಲರಿಗಿಂತ ಕಡಿಮೆ ಕೊಟ್ಟೆ. ಒಬ್ಬರ ಮೇಲೊಬ್ಬರು ಹತ್ತಿ ಲಾಗ ಹೊಡೆದ ಹುಡುಗರ ತಂಡ ಗೆದ್ದಿತು.

ಪವಿತ್ರಾ ಬಂದು ಕೇಳಿದಳು: "ಸಾ, ನಂದೇನ್ ತಪ್ಪಾಯ್ತು?"

ಬಾಯಿಗೆ ಬಂದದ್ದನ್ನು ಹೇಳಿದೆ. "ನಿಂತ್ಬಿಟ್ಟೆ ಕಣಮ್ಮ. ಓಟ ಸಾಲದು."

ಮಾರನೆಯ ಬೆಳಿಗ್ಗೆ ತನ್ನೂರು ದೇವನೂರಿನಿಂದ ಮೊದಲ ಬಸ್ಸಿಗೇ ಬಂದು ಮೈದಾನ ಸುತ್ತತೊಡಗಿದಳು — ನೃತ್ಯ ಸುಧಾರಿಸಲೆಂದು! ತಡೆಯಲಿಲ್ಲ ನಾನು. ಸೀಟಿ ಊದಿದೆ. ಮುಂದಿನ ವರ್ಷ ಅದೇ ತಾಯಿ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಿ ತುತ್ತು ತಿನ್ನಿಸಿದಳು; ಮಗು ತಿಂದಿತೋ ತಪ್ಪಿಸಿಕೊಂಡಿತೋ ತಿಳಿಯಲಿಲ್ಲ. ಮೊದಲ ಬಹುಮಾನ ಬಂತು. ಎಲ್ಲರೂ ಚಪ್ಪಾಳೆ ತಟ್ಟುವಾಗ ನೀವು ಸುಮ್ಮನೆ ಕೂತಿದ್ದಿರಿ. "ಇವಳಿಗೆ ಯಾರು ಏನ್ ಹೇಳಿದ್ರು ಸಾರ್?" ಎಂದು ನನ್ನನ್ನೇ ಕೇಳಿದಿರಿ. "ಆ ಕೋಚ್‌ದೇ ಕೆಲ್ಸ ಇರ್ಬೇಕು" ಎಂದೆ. ಆಮೇಲೆ ನೀವು ಯಾವ ಮಗುವನ್ನೂ ಸ್ಪರ್ಧೆಗೆ ಕರೆದೊಯ್ಯಲಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಪವಿತ್ರಾ ಸಿಕ್ಕಳು. ಈಗ ನರಸೀಪುರದಲ್ಲಿ ಮಕ್ಕಳಿಗೆ ನೃತ್ಯ ಕಲಿಸುತ್ತಾಳಂತೆ. ಅಷ್ಟು ಜನರ ನಡುವೆ ಕಾಲಿಗೆ ಬಿದ್ದಳು. "ನೀವೇಳಿದ್ದನ್ನೇ ನನ್ ಮಕ್ಳಿಗೂ ಏಳ್ಕೊಡ್ತೀನಿ ಸಾ. ಎಲ್ಲೂ ನಿಲ್ಬೇಡಿ ಅಂತ."

ಆಶೀರ್ವಾದ ಮಾಡಿದೆ, ಮೇಡಂ. ಅದನ್ನೂ ಮಾಡಿದೆ.

ಈ ಭಾನುವಾರ ಅವಳ ತರಗತಿಗೆ ಹೋಗಿ, ಆ ಮಕ್ಕಳ ಎದುರಿಗೇ ನಿಜ ಹೇಳುತ್ತೇನೆ. ಅವರು ನಗಲಿ. ಅಲ್ಲಿಂದ ನೇರ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿಮ್ಮಿಷ್ಟ.